ಕುಂಟು ನಿಂತ ಮೇಲಿನ ಒಂದು ವರ್ಷ

(ಕುದುರೆ ಸಾಕುವ ಕುಟುಂಬಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ನಮ್ಮ ಕುದುರೆಗೆ ಗಾಯವಾದ 20ನೆಯ ದಿನ ಅದರ ಕುಂಟು ನಿಂತುಹೋಯಿತು. ನಾನು ಇಂದು ಹೇಳಬೇಕೆಂದಿರುವುದು ಆ ದಿನದಿಂದ ಈಚೆಗಿನ ಒಂದು ವರ್ಷದ ಸಂಗತಿಯನ್ನು. ಗಾಯವಾದ ಹೊತ್ತಿನ ಗಾಬರಿ, ವೈದ್ಯರಿಗಾಗಿ ಕಾದದ್ದು, ಲಾಯದ ಬಾಗಿಲಲ್ಲಿ ಕುಳಿತೇ ಬೆಳಗು ಮಾಡಿದ್ದು, ಇವನ್ನೆಲ್ಲ ಹೇಳುವುದು ಸುಲಭ. ಕೇಳುವವರಿಗೂ ಅದರಲ್ಲಿ ಕುತೂಹಲವಿರುತ್ತದೆ. ಆದರೆ ನಿಮ್ಮಲ್ಲಿ ಹಲವರು ಅನುಭವದಿಂದ ಬಲ್ಲಂತೆ, ಗಾಯಗೊಂಡ ಕುದುರೆಯ ಕಾಲು ಎರಡನೆಯ ಬಾರಿ ಕೆಡುವುದು ಹೆಚ್ಚಾಗಿ ಮನೆಯವರೆಲ್ಲ ‘ಇನ್ನೇನು, ಸರಿಹೋಯಿತು’ ಎಂದು ನೆಮ್ಮದಿಯ ಉಸಿರು ಬಿಟ್ಟ ಮೇಲೆ.

ಮೊದಲು ನಮ್ಮ ಮನೆಯ ಪರಿಚಯ. ನಾನು, ನನ್ನ ಪತಿ, 15 ವರ್ಷದ ಮಗ, 11 ವರ್ಷದ ಮಗಳು. ನಾಲ್ವರಿಗೂ ಸೇರಿ ಒಂದೇ ಕುದುರೆ. ಅದು 14 ವರ್ಷದ ಹೆಣ್ಣು ಕುದುರೆ, ತೂಕ ಸುಮಾರು 480 ಕಿಲೋ. ಮನೆಯಲ್ಲಿ ನಾವು ಅದನ್ನು ‘ಅವಳು’ ಎಂದೇ ಕರೆಯುತ್ತೇವೆ. ಸಭೆಯಲ್ಲಿ ‘ಅದು’ ಎನ್ನಲು ಪ್ರಯತ್ನಿಸುತ್ತೇನೆ; ನಡುವೆ ನಾಲಿಗೆ ತಪ್ಪಿದರೆ ನೀವು ಮನ್ನಿಸಬೇಕು.

ಗಾಯ ಆದದ್ದು ಎಡ ಮುಂಗಾಲಿಗೆ. ಹಿಂದಿನ ಸಂಜೆ ಕ್ಯಾಂಟರಿನಲ್ಲಿ, ಅಂದರೆ ನಾಗಾಲೋಟಕ್ಕಿಂತ ನಿಧಾನವಾದ ಓಟದಲ್ಲಿ, ಒಂದು ಹೆಜ್ಜೆ ತಪ್ಪಿದಂತಾಗಿತ್ತು, ಮತ್ತೆ ಸರಿಯಾಗಿಯೇ ನಡೆದಿತ್ತು. ಮರುದಿನ ಬೆಳಿಗ್ಗೆ ಮಾಲೀಸು ಮಾಡುವಾಗ ಮಗಳು ‘ಅಮ್ಮ, ಈ ಕಾಲು ಆ ಕಾಲಿಗಿಂತ ಬಿಸಿಯಾಗಿದೆ’ ಎಂದಳು. ಮೊಣಕಾಲಿನಿಂದ ಕೆಳಗೆ, ಕಾಲಿನ ಹಿಂಬದಿಯಲ್ಲಿ, ನೇರವಾಗಿರಬೇಕಾದ ಗೆರೆ ಬಿಲ್ಲಿನಂತೆ ಸ್ವಲ್ಪ ಹೊರಗೆ ಬಾಗಿತ್ತು. ಕುಂಟು ಎನ್ನುವಷ್ಟು ಕುಂಟು ಆಗಿನ್ನೂ ಇರಲಿಲ್ಲ. ಅದು ಚೆನ್ನಾಗಿ ಕಾಣಿಸಿಕೊಂಡದ್ದು ಮಧ್ಯಾಹ್ನದ ಹೊತ್ತಿಗೆ. ಬಿಸಿ ಮತ್ತು ಬಾವು ಮೊದಲು, ಕುಂಟು ಆಮೇಲೆ. ಈ ಕ್ರಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದಕ್ಕೇ ಮರಳಿ ಬರುತ್ತೇನೆ.

ಕಾಲಿನ ರಚನೆಯ ಬಗ್ಗೆ ನಾಲ್ಕು ಮಾತು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನಾವು ಕುದುರೆಯ ಮುಂಗಾಲಿನ ಮೊಣಕಾಲು ಎಂದು ಕರೆಯುವುದು ವಾಸ್ತವವಾಗಿ ನಮ್ಮ ಮಣಿಕಟ್ಟಿಗೆ ಸಮನಾದ ಕೀಲು. ಅಲ್ಲಿಂದ ಕೆಳಗಿರುವುದೆಲ್ಲ ಒಂದು ಅಂಗೈ ಮತ್ತು ಒಂದೇ ಒಂದು ಬೆರಳು, ನಡುಬೆರಳು. ಗೊರಸು ಆ ಬೆರಳಿನ ಉಗುರು. ಈ ಭಾಗದಲ್ಲಿ ಮಾಂಸಖಂಡವೇ ಇಲ್ಲವೆನ್ನಬಹುದು. ಮೇಲಿರುವ ಸ್ನಾಯುಗಳು ತಮ್ಮ ಬಲವನ್ನು ಸ್ನಾಯುರಜ್ಜು ಎಂಬ ನಾರಿನ ಹುರಿಗಳ ಮೂಲಕ ಕೆಳಗೆ ಕಳುಹಿಸುತ್ತವೆ. ಕಾಲಿನ ಹಿಂಬದಿಯಲ್ಲಿ ಚರ್ಮದ ಕೆಳಗೇ ಒಂದು ಹುರಿ, ಅದರ ಒಳಮಗ್ಗುಲಿಗೆ ಇನ್ನೊಂದು. ಕುದುರೆ ಓಡುವಾಗ ಕಾಲು ನೆಲಕ್ಕೆ ಊರಿದೊಡನೆ ಈ ಹುರಿಗಳು ಸ್ಪ್ರಿಂಗಿನಂತೆ ಹಿಗ್ಗಿ, ಕಾಲು ಏಳುವಾಗ ಕುಗ್ಗಿ, ತಾವು ಹಿಡಿದಿಟ್ಟ ಶಕ್ತಿಯ ಬಹುಭಾಗವನ್ನು ಹಿಂದಿರುಗಿಸುತ್ತವೆ. ಇಷ್ಟು ಭಾರದ ಪ್ರಾಣಿ ಅಷ್ಟು ತೆಳ್ಳನೆಯ ಕಾಲುಗಳ ಮೇಲೆ ಅಷ್ಟು ವೇಗವಾಗಿ ಓಡಬಲ್ಲದ್ದರ ಗುಟ್ಟು ಇದೇ. ಹಿಂದಿರುಗದ ಅಲ್ಪ ಭಾಗ ಶಾಖವಾಗಿ ಉಳಿಯುತ್ತದೆ. ನಾಗಾಲೋಟದಲ್ಲಿ ಹುರಿಯ ನಡುಭಾಗದ ಉಷ್ಣತೆ ಸುಮಾರು 45 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಏರುವುದನ್ನು ಅಳೆದು ನೋಡಿದ್ದಾರೆ. ಅಂದರೆ ವೇಗದ ಓಟದಲ್ಲಿ ಈ ಹುರಿ ತನ್ನ ಸಾಮರ್ಥ್ಯದ ಅಂಚಿನಲ್ಲಿಯೇ ಕೆಲಸ ಮಾಡುತ್ತಿರುತ್ತದೆ, ಉಳಿಕೆಯೆಂಬುದು ಅದರಲ್ಲಿ ಬಹಳ ಕಡಿಮೆ.

ನಮ್ಮ ಕುದುರೆಯಲ್ಲಿ ಹರಿದದ್ದು ಚರ್ಮಕ್ಕೆ ಹತ್ತಿರವಿರುವ ಹುರಿಯ ಕೆಲವು ಎಳೆಗಳು. ವೈದ್ಯರು ಮೊದಲ ದಿನ ತಣ್ಣೀರು, ಬ್ಯಾಂಡೇಜು ಮತ್ತು ನೋವಿನ ಔಷಧ ಹೇಳಿ, ಅಲ್ಟ್ರಾಸೌಂಡ್ ಸ್ಕ್ಯಾನನ್ನು ಒಂದು ವಾರದ ನಂತರಕ್ಕೆ ಇಟ್ಟರು. ಮೊದಲ ಕೆಲವು ದಿನಗಳಲ್ಲಿ ಗಾಯ ಒಳಗೊಳಗೇ ಹಿಗ್ಗುವುದುಂಟು, ಅವಸರದಲ್ಲಿ ತೆಗೆದ ಚಿತ್ರ ಇದ್ದದ್ದಕ್ಕಿಂತ ಕಡಿಮೆ ತೋರಿಸಿಬಿಡಬಹುದು ಎಂಬುದು ಅವರು ಕೊಟ್ಟ ಕಾರಣ. ಒಳ್ಳೆಯ ಕಾಲಿಗೂ ಬ್ಯಾಂಡೇಜು ಕಟ್ಟಿಸಿದರು. ಆಗ ನಮಗೆ ಅದು ವಿಚಿತ್ರವೆನಿಸಿತ್ತು. ಎಂಟನೆಯ ದಿನದ ಚಿತ್ರದಲ್ಲಿ ಬಿಳಿಯ ಎಳೆಗಳ ನಡುವೆ ಒಂದು ಕಪ್ಪು ರಂಧ್ರ ಕಂಡಿತು. ಹುರಿಯ ಅಡ್ಡಕೊಯ್ತದಲ್ಲಿ ಸುಮಾರು ಐದನೆಯ ಒಂದು ಭಾಗ. ‘ಸವಾರಿಗೆ ಎಷ್ಟು ದಿನ ಬೇಕು?’ ಎಂದು ಕೇಳಿದೆ. ‘ದಿನಗಳ ಲೆಕ್ಕ ಬಿಡಿ, ಒಂದು ವರ್ಷವೆಂದುಕೊಳ್ಳಿ’ ಎಂದರು. ಮಗ ಹೊರಗೆ ಹೋಗಿಬಿಟ್ಟ.

ಒಂದು ವರ್ಷ ಏಕೆ? ಸ್ನಾಯುರಜ್ಜುವಿಗೆ ರಕ್ತದ ಹರಿವು ಕಡಿಮೆ, ಜೀವಕೋಶಗಳೂ ಕಡಿಮೆ, ಆದುದರಿಂದ ಅಲ್ಲಿ ನಡೆಯುವ ದುರಸ್ತಿಯೆಲ್ಲ ನಿಧಾನ. ಮೊದಲ ಒಂದೆರಡು ವಾರ ಉರಿಯೂತ. ಆಮೇಲೆ ಕೆಲವು ವಾರಗಳಲ್ಲಿ ಗಾಯದ ಜಾಗವನ್ನು ಹೊಸ ನಾರು ತುಂಬುತ್ತದೆ. ಆದರೆ ಅದು ಕಚ್ಚಾ ನಾರು. ಕೊಲಾಜೆನ್ ಎಂಬ ಪ್ರೋಟೀನಿನಲ್ಲಿ ಹಲವು ಬಗೆಗಳಿವೆ. ಒಳ್ಳೆಯ ಹುರಿಯಲ್ಲಿ ಇರುವುದು ಬಹುಪಾಲು ಒಂದನೆಯ ಬಗೆ, ಗಾಯ ಮೊದಲು ತುಂಬಿಕೊಳ್ಳುವುದು ದುರ್ಬಲವಾದ ಮೂರನೆಯ ಬಗೆಯಿಂದ, ಅದೂ ದಿಕ್ಕುದೆಸೆಯಿಲ್ಲದೆ, ಹರವಿ ಹಾಕಿದ ತೆಂಗಿನ ನಾರಿನಂತೆ. ಈ ಕಚ್ಚಾ ನಾರು ಬಲವಾದ ನಾರಾಗಿ ಬದಲಾಗಿ, ಕಾಲಿನ ಉದ್ದಕ್ಕೆ ಸಾಲಾಗಿ ಹೊಂದಿಕೊಳ್ಳಲು ತಿಂಗಳುಗಳು ಬೇಕು. ಸಾಲುಗೂಡಲು ಅದಕ್ಕೆ ಎಳೆತವೂ ಬೇಕು. ಸುಮ್ಮನೆ ನಿಲ್ಲಿಸಿದರೆ ನಾರು ಗೋಜಲಾಗಿಯೇ ಗಟ್ಟಿಯಾಗುತ್ತದೆ, ಮಿತಿಮೀರಿ ಎಳೆದರೆ ಹರಿಯುತ್ತದೆ. ಗಾಯಗೊಂಡ ಕುದುರೆಯ ಇಡೀ ವ್ಯಾಯಾಮಕ್ರಮ ಇವೆರಡರ ನಡುವಿನ ಕಿರಿದಾದ ದಾರಿ. ಇಷ್ಟೆಲ್ಲ ಆದ ಮೇಲೂ ಆ ಜಾಗ ಮೊದಲಿನ ಹುರಿಯಾಗುವುದಿಲ್ಲ. ಬಲವಾದೀತು, ಆದರೆ ಹಳೆಯ ಹಿಗ್ಗುಕುಗ್ಗು ಅದಕ್ಕೆ ಬಾರದು. ರಕ್ತದಿಂದ ಬೇರ್ಪಡಿಸಿದ ಅಂಶಗಳನ್ನು, ಆಕರಕೋಶಗಳನ್ನು (ಸ್ಟೆಮ್ ಸೆಲ್) ಗಾಯದೊಳಗೆ ಚುಚ್ಚುವ ಚಿಕಿತ್ಸೆಗಳು ಈಗ ಇವೆ. ಬೇಕೋ ಬೇಡವೋ ಎಂಬುದು ನಿಮ್ಮ ವೈದ್ಯರಿಗೆ ಬಿಟ್ಟದ್ದು. ಅವು ಯಾವುವೂ ಕಾಯುವ ಕಾಲವನ್ನು ಇಲ್ಲವಾಗಿಸುವುದಿಲ್ಲ.

ಈಗ 20ನೆಯ ದಿನಕ್ಕೆ ಬರೋಣ. ಕುಂಟು ನಿಂತಿತು, ಬಾವು ಇಳಿಯಿತು. ಕುದುರೆಯ ಕಣ್ಣಿಗೆ ಹೊಳಪು ಬಂತು, ಬಾಗಿಲಿಗೆ ಒದೆಯತೊಡಗಿತು. ಒಳಗಿನ ನಾರು ಆಗ ತಾನೇ ತುಂಬಿಕೊಳ್ಳತೊಡಗಿತ್ತಷ್ಟೆ. ಕುಂಟು ಎಂಬುದು ನೋವಿನ ಗುರುತು, ಬಲದ ಅಳತೆಯಲ್ಲ. ನೋವು ಮೂರು ವಾರದಲ್ಲಿ ಹೋಗುತ್ತದೆ, ಬಲ ಬರಲು ಉಳಿದ ಹನ್ನೊಂದು ತಿಂಗಳು ಬೇಕು. ಈ ಅಂತರದ ಬಗ್ಗೆ ಕುದುರೆಗೆ ತಿಳಿಹೇಳುವುದು ಸಾಧ್ಯವಿಲ್ಲ. ನಿಜ ಹೇಳಬೇಕೆಂದರೆ, 15 ವರ್ಷದ ಹುಡುಗನಿಗೂ 45 ವರ್ಷದ ಅವನ ತಂದೆಗೂ ತಿಳಿಹೇಳುವುದು ಅಷ್ಟೇನೂ ಸುಲಭವಾಗಿರಲಿಲ್ಲ.

ಲಾಯದ ದಿನಗಳ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಸವಾರಿಗೆ ಮರಳುವ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ. ಬಯಲಿನಲ್ಲಿ ಬಿಟ್ಟ ಕುದುರೆ ದಿನದ ಬಹುಪಾಲು ಸಮಯವನ್ನು ಹೆಜ್ಜೆ ಹಾಕುತ್ತ ಮೇಯುವುದರಲ್ಲಿ ಕಳೆಯುತ್ತದೆ. ಅಂಥ ಪ್ರಾಣಿಯನ್ನು ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಕೋಣೆಯಲ್ಲಿ ನಿಲ್ಲಿಸಿದಾಗ ಕಾಲಿಗೆ ಒಳ್ಳೆಯದಾದದ್ದು ಹೊಟ್ಟೆಗೆ ಕೆಟ್ಟದ್ದಾಗುತ್ತದೆ. ಅದರ ಜಠರದಲ್ಲಿ ಆಮ್ಲ ಬಿಡುವಿಲ್ಲದೆ ಸುರಿಯುತ್ತಿರುತ್ತದೆ, ಬಾಯಿಗೆ ಹುಲ್ಲು ಇಲ್ಲದ ಹೊತ್ತು ಉದ್ದವಾದಷ್ಟೂ ಹುಣ್ಣಿನ ಭಯ. ನಡಿಗೆ ಕಡಿಮೆಯಾದರೆ ಕರುಳೂ ನಿಧಾನಿಸಿ, ಮಲಬದ್ಧತೆಯಿಂದ ಹೊಟ್ಟೆಶೂಲೆ ಬರಬಹುದು. ಆದುದರಿಂದ ಕಾಳು ಮತ್ತು ದಾಣಿಯನ್ನು ತೀರ ಕಡಿಮೆ ಮಾಡಿದೆವು. ದುಡಿಯದ ಕುದುರೆಗೆ ಅದು ಬೇಕಿಲ್ಲ, ಕೊಟ್ಟರೆ ಮೈಯಲ್ಲಿ ಉರಿಯುವ ಬದಲು ತಲೆಗೇರುತ್ತದೆ. ಒಣಹುಲ್ಲನ್ನು ಸಣ್ಣ ಕಣ್ಣಿನ ಬಲೆಚೀಲದಲ್ಲಿ ತುಂಬಿ, ತಿನ್ನುವ ಹೊತ್ತನ್ನು ಹಿಗ್ಗಿಸಿದೆವು. ನೀರು ಎಷ್ಟು ಕುಡಿಯಿತು, ಲದ್ದಿ ಎಷ್ಟು ಸಲ ಹಾಕಿತು ಎಂದು ಎಣಿಸುವ ಕೆಲಸವನ್ನು ಮಗಳು ವಹಿಸಿಕೊಂಡಳು. ಆರೋಗ್ಯವಂತ ಕುದುರೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಲದ್ದಿ ಹಾಕುತ್ತದೆ. ಒಂದು ಸಂಜೆ ಲೆಕ್ಕ ನಾಲ್ಕಕ್ಕೇ ನಿಂತಾಗ ನಮ್ಮೆಲ್ಲರಿಗಿಂತ ಮೊದಲು ಎಚ್ಚೆತ್ತವಳು ಅವಳೇ. ಹನ್ನೊಂದು ವರ್ಷದ ಹುಡುಗಿ ಲದ್ದಿಯ ಲೆಕ್ಕವನ್ನು ಊಟದ ಹೊತ್ತಿನಲ್ಲಿ ಒಪ್ಪಿಸುತ್ತಿದ್ದುದಕ್ಕೆ ಅತಿಥಿಗಳು ಮುಖ ಕಿವಿಚಿದ್ದುಂಟು, ಇರಲಿ.

ಒಳ್ಳೆಯ ಕಾಲಿಗೂ ಬ್ಯಾಂಡೇಜು ಏಕೆಂದು ಆಗ ವಿಚಿತ್ರವೆನಿಸಿತ್ತಲ್ಲ, ಅದಕ್ಕೆ ಉತ್ತರ ಇಲ್ಲಿದೆ. ಕುದುರೆ ತನ್ನ ಭಾರದ ಸುಮಾರು ನೂರಕ್ಕೆ 60 ಪಾಲನ್ನು ಮುಂಗಾಲುಗಳ ಮೇಲೆ ಹೊರುತ್ತದೆ. ಒಂದು ಮುಂಗಾಲು ನೋಯುತ್ತಿದ್ದರೆ ಇನ್ನೊಂದು ಎರಡರ ಪಾಲನ್ನೂ ಹೊರಬೇಕು. ಗೊರಸಿನ ಚಿಪ್ಪಿಗೂ ಒಳಗಿನ ಎಲುಬಿಗೂ ನಡುವೆ ಇರುವ ಪದರಗಳಿಗೆ ರಕ್ತ ಸರಿಯಾಗಿ ಹರಿಯಬೇಕಾದರೆ ಕಾಲು ಆಗಾಗ ಭಾರ ಇಳಿಸಿ ಎತ್ತುತ್ತಿರಬೇಕು. ಹೊತ್ತುಕೊಂಡೇ ನಿಂತರೆ ಆ ಪದರಗಳು ಸಡಿಲಗೊಂಡು ಲ್ಯಾಮಿನೈಟಿಸ್ ಎಂಬ ರೋಗ ಬರುತ್ತದೆ. ಬಾರ್ಬರೋ ಎಂಬ ಅಮೆರಿಕದ ಜೂಜುಕುದುರೆಯ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. 2006ರ ಮೇ ತಿಂಗಳಲ್ಲಿ ಕೆಂಟಕಿ ಡರ್ಬಿಯನ್ನು ಗೆದ್ದ ಅದು ಎರಡು ವಾರಗಳ ನಂತರ ಪ್ರೀಕ್‌ನೆಸ್ ಪಂದ್ಯದಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ದೊಡ್ಡ ಶಸ್ತ್ರಚಿಕಿತ್ಸೆಯಾಗಿ, ಮುರಿದ ಎಲುಬು ಕೂಡಿಕೊಳ್ಳುತ್ತ ಬಂತು. ಆದರೆ ಭಾರ ಹೊತ್ತ ಎಡ ಹಿಂಗಾಲಿಗೆ ಲ್ಯಾಮಿನೈಟಿಸ್ ಬಂತು, ಆಮೇಲೆ ಮುಂಗಾಲುಗಳಿಗೂ. 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು. ನಮ್ಮ ಕುದುರೆಯ ಗಾಯ ಅದರ ಮುಂದೆ ಏನೂ ಅಲ್ಲ. ಆದರೂ ಪ್ರತಿ ಬೆಳಿಗ್ಗೆ ನಾಲ್ಕು ಗೊರಸುಗಳನ್ನೂ ಮುಟ್ಟಿ ನೋಡುವ ಅಭ್ಯಾಸವನ್ನು ಈ ಕಥೆ ನಮಗೆ ಕಲಿಸಿತು.

ಮೂರನೆಯ ವಾರದಿಂದ ಕೈನಡಿಗೆ. ಕುದುರೆಯನ್ನು ಏರದೆ, ಹಗ್ಗ ಹಿಡಿದು, ಗಟ್ಟಿಯಾದ ಸಮತಟ್ಟು ನೆಲದಲ್ಲಿ ದಿನಕ್ಕೆ ಹತ್ತು ನಿಮಿಷ ನಡೆಸುವುದು; ವಾರಕ್ಕೆ ಐದು ನಿಮಿಷ ಹೆಚ್ಚಿಸುವುದು. ‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆ ನಮ್ಮ ಮನೆಯಲ್ಲಿ ತಿರುಗುಮುರುಗಾಯಿತು: ನೋವು ಕುದುರೆಯ ಕಾಲಿಗೆ ಬಂತು, ನಡೆಯುವ ಪಾಳಿ ನಮ್ಮದಾಯಿತು. ಮೆತ್ತನೆಯ ಆಳವಾದ ಮರಳು ನಮ್ಮ ಪಾದಕ್ಕೆ ಹಿತವೆನಿಸುತ್ತದೆಯಾದರೂ ಅಲ್ಲಿ ಗೊರಸು ಹೂತು ಹುರಿಗೆ ಎಳೆತ ಹೆಚ್ಚುತ್ತದೆ. ಆದುದರಿಂದ ಮರಳು ಬೇಡ. ಸುತ್ತು ತಿರುಗಿಸುವುದೂ ಬೇಡ, ಏಕೆಂದರೆ ವೃತ್ತದಲ್ಲಿ ಒಳಗಾಲು ಹೊರಗಾಲುಗಳ ಮೇಲೆ ಭಾರ ಸಮನಾಗಿ ಬೀಳುವುದಿಲ್ಲ. ಉದ್ದನೆಯ ಹಗ್ಗದಲ್ಲಿ ಸುತ್ತು ಹಾಕಿಸಿ ಅದರ ಹುಮ್ಮಸ್ಸು ಇಳಿಸೋಣ ಎಂದು ಅನುಭವಸ್ಥರೇ ಸಲಹೆ ಕೊಡುವುದುಂಟು. ಅವರ ಅನುಭವ ಆರೋಗ್ಯವಂತ ಕುದುರೆಗಳದ್ದು.

ಇಲ್ಲಿ ಒಂದು ಎಚ್ಚರಿಕೆ. ದಿನದ 23 ಗಂಟೆ 40 ನಿಮಿಷ ಕೋಣೆಯಲ್ಲಿ ನಿಂತ ಕುದುರೆ ಹೊರಬಂದೊಡನೆ ಮೇಲಕ್ಕೆ ಏಳುತ್ತದೆ, ಕೆಳಗೆ ಒದೆಯುತ್ತದೆ, ತರಗೆಲೆ ಹಾರಿದರೂ ಬೆಚ್ಚುತ್ತದೆ. ಸವಾರಿಯಲ್ಲಿ ಬೀಳದ ನನ್ನ ಪತಿ ಕೈನಡಿಗೆಯಲ್ಲಿ ಬಿದ್ದರು. ಕೈನಡಿಗೆಗೂ ಹೆಲ್ಮೆಟ್ಟು, ಕೈಗವಸು, ಗಟ್ಟಿ ಬೂಟು ಇರಲಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಮಕ್ಕಳ ಕೈಗೆ ಕೊಡಬೇಡಿ. ಕುದುರೆ ಹಿಡಿತಕ್ಕೆ ಸಿಗದಿದ್ದರೆ ವೈದ್ಯರನ್ನು ಕೇಳಿ ಸೌಮ್ಯವಾದ ಶಾಮಕ ಔಷಧ ಪಡೆಯುವುದರಲ್ಲಿ ನಾಚಿಕೆಯೇನೂ ಇಲ್ಲ. ಒಂದು ಹುಚ್ಚು ಜಿಗಿತ ಎರಡು ತಿಂಗಳ ನಾರನ್ನು ಹರಿಯಬಲ್ಲದು.

ನೋವಿನ ಔಷಧದ ಮಾತು ಬೇರೆ. ಮೊದಲ ದಿನಗಳಲ್ಲಿ ಅದು ಬೇಕು. ಆದರೆ ವ್ಯಾಯಾಮವನ್ನು ಹೆಚ್ಚಿಸುವ ಹಂತದಲ್ಲಿ ಅದು ದೇಹದಲ್ಲಿದ್ದರೆ, ಕಾಲು ಹೇಳಬೇಕಾದದ್ದನ್ನು ಹೇಳದಂತೆ ಬಾಯಿ ಕಟ್ಟಿದಂತಾಗುತ್ತದೆ. ನಮ್ಮ ವೈದ್ಯರು ಕುದುರೆಯ ನಡೆಯನ್ನು ಪರೀಕ್ಷಿಸುವ ಮೊದಲು ಅದನ್ನು ಪೂರ್ತಿಯಾಗಿ ನಿಲ್ಲಿಸಿದ್ದರು.

ಮೂರನೆಯ ತಿಂಗಳ ಸ್ಕ್ಯಾನಿನಲ್ಲಿ ಕಪ್ಪು ರಂಧ್ರ ಬೂದುಬಣ್ಣಕ್ಕೆ ತಿರುಗಿತ್ತು. ಎಳೆಗಳು ಅಲ್ಲಲ್ಲಿ ಸಾಲುಗೂಡುತ್ತಿದ್ದವು. ಏರಿ ನಡೆಸಬಹುದು ಎಂದರು, ನಡಿಗೆ ಮಾತ್ರ. ಅಂದು ರಾತ್ರಿ ನಮ್ಮ ಮನೆಯಲ್ಲಿ ನಡೆದ ಚರ್ಚೆಯನ್ನು ನಾನು ಪೂರ್ತಿ ಹೇಳಲಾರೆ. ಯಾರು ಮೊದಲು ಏರಬೇಕು? ಮಗಳ ವಾದ ಬಲವಾಗಿತ್ತು: ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದು ಎಂಬುದು ಸಾಮಾನ್ಯವಾಗಿ ಒಪ್ಪಿದ ಮಾತು, ಗಾಯಗೊಂಡ ಕುದುರೆಗೆ ಅದಕ್ಕಿಂತ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು, ಮನೆಯಲ್ಲಿ ಎಲ್ಲರಿಗಿಂತ ಹಗುರ ಅವಳು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮೂರು ತಿಂಗಳು ನಿಂತ ಕುದುರೆ ಬೆಚ್ಚಿದರೆ ಮಗು ಲಗಾಮನ್ನು ಎಳೆಯುತ್ತದೆ, ಒಂದು ಪಕ್ಕಕ್ಕೆ ವಾಲುತ್ತದೆ, ವಾಲಿದ ಇಪ್ಪತ್ತೆಂಟು ಕಿಲೋ ನೇರವಾಗಿ ಕುಳಿತ ಐವತ್ತೈದು ಕಿಲೋಗಿಂತ ಕುದುರೆಗೆ ಹೆಚ್ಚು ತೊಡಕು. ಮೊದಲು ಏರಬೇಕಾದವರು ಹಗುರವಾದವರಲ್ಲ, ಅಲುಗಾಡದೆ ಕೂರಬಲ್ಲವರು. ನಮ್ಮ ಮನೆಯಲ್ಲಿ ಅದು ನಾನು. ಮಗಳು ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಪತಿಯ ತೂಕ 84 ಕಿಲೋ. ಅವರ ಸರದಿ ಟ್ರಾಟ್ (ನಡಿಗೆಗೂ ಕ್ಯಾಂಟರಿಗೂ ನಡುವಿನ ಓಟ) ನೆಲೆಗೊಂಡ ಮೇಲೆಯೇ ಎಂದು ಅವರೇ ಒಪ್ಪಿಕೊಂಡರು.

ಏರುವ ಮೊದಲು ನಮಗೆ ಹೊಳೆಯದೇ ಹೋಗಿದ್ದ ಒಂದು ವಿಷಯ ಜೀನಿನದು. ಮೂರು ತಿಂಗಳು ದುಡಿಯದ ಕುದುರೆಯ ಬೆನ್ನಿನ ಮಾಂಸ ಇಳಿದಿತ್ತು, ಹೊಟ್ಟೆ ಬೆಳೆದಿತ್ತು. ಅಳತೆ ನೋಡಿ ಹೊಲಿಸಿದ ಜೀನು ಈಗ ಭುಜದ ಹಿಂದೆ ಎರಡೂ ಬದಿ ಒತ್ತುತ್ತಿತ್ತು. ಒತ್ತಿದ ಬೆನ್ನನ್ನು ತಪ್ಪಿಸಿಕೊಳ್ಳಲು ಕುದುರೆ ನಡೆಯನ್ನು ಬದಲಿಸುತ್ತದೆ, ಬದಲಾದ ನಡೆಯ ಭಾರ ಮತ್ತೆ ಆ ಕಾಲಿಗೇ ಹೋಗಬಹುದು. ದಪ್ಪ ಮೆತ್ತೆ ಹಾಕಿ ಸದ್ಯಕ್ಕೆ ಸರಿಮಾಡಿ, ಬೆನ್ನು ತುಂಬಿಕೊಂಡಂತೆ ಎರಡು ಬಾರಿ ಜೀನನ್ನು ಬಲ್ಲವರಿಂದ ತಿದ್ದಿಸಬೇಕಾಯಿತು. ಲಾಳ ಕಟ್ಟುವವರೂ ಐದಾರು ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದರು. ಗೊರಸಿನ ಮುಂಭಾಗ ಬೆಳೆದು ಉದ್ದವಾದರೆ ಹಿಂಬದಿಯ ಹುರಿಗಳಿಗೆ ಎಳೆತ ಹೆಚ್ಚು. ಬದಲಾಗಿದ್ದದ್ದು ಕುದುರೆ ಮಾತ್ರವಲ್ಲ. ಮಗಳ ಸರದಿ ಬರುವ ಹೊತ್ತಿಗೆ ಅವಳ ರಿಕಾಪಿನ ಪಟ್ಟಿಯನ್ನು ಎರಡು ತೂತು ಇಳಿಸಬೇಕಾಯಿತು, ಹೆಲ್ಮೆಟ್ಟು ತಲೆಗೆ ಇಳಿಯಲೇ ಇಲ್ಲ. ನನ್ನ ತೊಡೆಗಳು ಇಪ್ಪತ್ತು ನಿಮಿಷದ ನಡಿಗೆಗೇ ನಡುಗಿದವು.

ಐದನೆಯ ತಿಂಗಳಲ್ಲಿ ಇನ್ನೊಂದು ಸ್ಕ್ಯಾನ್, ಅದರ ನಂತರ ಟ್ರಾಟ್. ಕುಂಟನ್ನು ಪತ್ತೆಹಚ್ಚಲು ವೈದ್ಯರು ಯಾವಾಗಲೂ ಟ್ರಾಟ್ ನೋಡುವುದೇಕೆ ಎಂದು ಇಲ್ಲೇ ಹೇಳಿಬಿಡುತ್ತೇನೆ. ನಡಿಗೆಯಲ್ಲಿ ನಾಲ್ಕು ತಾಳ, ಕ್ಯಾಂಟರಿನಲ್ಲಿ ಮೂರು, ಟ್ರಾಟಿನಲ್ಲಿ ಎರಡೇ. ಎಡ ಮುಂಗಾಲಿನೊಡನೆ ಬಲ ಹಿಂಗಾಲು, ಬಲ ಮುಂಗಾಲಿನೊಡನೆ ಎಡ ಹಿಂಗಾಲು ಜೋಡಿಯಾಗಿ ಒಟ್ಟಿಗೆ ಊರುತ್ತವೆ. ಎರಡು ಪೆಟ್ಟು ಸಮನಾಗಿರಬೇಕಾದ ಕಡೆ ಅಸಮತೆ ಬೇಗ ಕಾಣುತ್ತದೆ, ಕಣ್ಣಿಗಿಂತ ಮೊದಲು ಕಿವಿಗೇ ಕೇಳುತ್ತದೆ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರುವಾಗ ಕುದುರೆ ತಲೆಯನ್ನು ಮೇಲೆತ್ತುತ್ತದೆ, ಒಳ್ಳೆಯ ಕಾಲು ಊರುವಾಗ ತಗ್ಗಿಸುತ್ತದೆ. ಗಟ್ಟಿ ನೆಲದ ಮೇಲೆ, ನೇರ ಗೆರೆಯಲ್ಲಿ, ಹಗ್ಗವನ್ನು ಸಡಿಲ ಬಿಟ್ಟು ಓಡಿಸಿ ನೋಡಿ. ಹಗ್ಗ ಬಿಗಿಹಿಡಿದರೆ ತಲೆಯ ಆಟ ನಿಮಗೆ ಕಾಣಿಸುವುದಿಲ್ಲ.

ಟ್ರಾಟ್ ದಿನಕ್ಕೆ ಐದು ನಿಮಿಷ, ಎರಡು ವಾರಕ್ಕೊಮ್ಮೆ ಐದು ನಿಮಿಷ ಹೆಚ್ಚಳ. ಆರನೆಯ ತಿಂಗಳಲ್ಲಿ ನಾವು ಹತ್ತು ನಿಮಿಷಕ್ಕೆ ತಲುಪಿದ್ದೆವು, ಮತ್ತು ಅಲ್ಲಿಯೇ ತಪ್ಪಿದೆವು. ಆ ತಪ್ಪನ್ನು ಹೇಳಲೆಂದೇ ನಾನು ಈ ಮಾತಿಗೆ ಒಪ್ಪಿಕೊಂಡದ್ದು. ಒಂದು ಭಾನುವಾರ ಬೆಳಿಗ್ಗೆ ನಾನು ನಡಿಗೆ ಮುಗಿಸಿ, ಹತ್ತು ನಿಮಿಷ ಟ್ರಾಟ್ ಮಾಡಿಸಿ, ಕಾಲಿಗೆ ನೀರು ಬಿಟ್ಟು, ಕೆಲಸದ ಮೇಲೆ ಹೊರಗೆ ಹೋದೆ. ಸಂಜೆ ಮಗನಿಗೆ, ತಾಯಿ ಊರಲ್ಲಿಲ್ಲ, ಇವತ್ತಿನ ವ್ಯಾಯಾಮ ಆಗಿಲ್ಲ ಅನ್ನಿಸಿತು. ಅವನು ನಿಯಮ ತಪ್ಪದೆ, ಗಡಿಯಾರ ನೋಡಿಕೊಂಡು, ಸರಿಯಾಗಿ ಹತ್ತೇ ನಿಮಿಷ ಟ್ರಾಟ್ ಮಾಡಿಸಿದ. ನಾವಿಬ್ಬರೂ ವೈದ್ಯರು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದೆವು. ಕುದುರೆ ಇಪ್ಪತ್ತು ನಿಮಿಷ ಓಡಿತ್ತು. ಮರುದಿನ ಬೆಳಿಗ್ಗೆ ಹಿಂಗೈಯಿಂದ ಮುಟ್ಟಿದಾಗ ಎಡಗಾಲು ಬಲಗಾಲಿಗಿಂತ ಬಿಸಿಯಾಗಿತ್ತು. ಕುಂಟು ಇರಲಿಲ್ಲ. ಮೊದಲೇ ಹೇಳಿದೆನಲ್ಲ, ಬಿಸಿ ಮೊದಲು, ಕುಂಟು ಆಮೇಲೆ.

ಒಬ್ಬನೇ ಸವಾರನಿರುವ ಕುದುರೆಗೆ ಈ ಅಪಾಯವಿಲ್ಲ. ಆದರೆ ಕುಟುಂಬದ ಕುದುರೆಗೆ ಪ್ರತಿಯೊಬ್ಬರೂ ತಮ್ಮ ತಮ್ಮ ಪಾಲಿನ ಸವಾರಿಯನ್ನು ಎಣಿಸುತ್ತಾರೆ, ಕುದುರೆಯ ಪಾಲನ್ನು ಎಣಿಸುವವರಿರುವುದಿಲ್ಲ. ಔಷಧದ ಗುಳಿಗೆಯನ್ನು ತಾಯಿಯೊಮ್ಮೆ ತಂದೆಯೊಮ್ಮೆ ಕೊಟ್ಟಂತೆ ಇದು. ವೈದ್ಯರು ಬೈಯಲಿಲ್ಲ, ಸ್ಕ್ಯಾನ್ ಮಾಡಿ, ಹೊಸದಾಗಿ ಏನೂ ಹರಿದಿಲ್ಲವೆಂದು ನೋಡಿ, ಒಂದು ತಿಂಗಳು ಮತ್ತೆ ಬರಿಯ ನಡಿಗೆಗೆ ಹಿಂದಿರುಗಿಸಿದರು. ಮಗ ಆ ವಾರವೆಲ್ಲ ಲಾಯದ ಕಡೆ ಬರಲಿಲ್ಲ. ತಪ್ಪು ಅವನದಲ್ಲವೆಂದು ನಾನು ಎಷ್ಟು ಹೇಳಿದರೂ ಅವನಿಗೆ ಅದು ಸಮಾಧಾನವಾಗಲಿಲ್ಲ.

ಅಂದಿನಿಂದ ಲಾಯದ ಬಾಗಿಲಿಗೆ ದಾರ ಕಟ್ಟಿದ ಒಂದು ನೋಟುಪುಸ್ತಕ ನೇತಾಡುತ್ತಿದೆ. ಅದರಲ್ಲಿ ದಿನಕ್ಕೆ ಒಂದು ಸಾಲು: ಬೆಳಗಿನ ಕಾಲಿನ ಬಿಸಿ, ಬಾವು, ನಡಿಗೆ ಎಷ್ಟು, ಟ್ರಾಟ್ ಎಷ್ಟು, ನೆಲ ಹೇಗಿತ್ತು, ಏರಿದವರು ಯಾರು. ಸಾಲು ತುಂಬಿದ್ದರೆ ಆ ದಿನ ಇನ್ನಾರೂ ಜೀನು ಮುಟ್ಟುವಂತಿಲ್ಲ. ಇನ್ನೂ ಎರಡು ನಿಯಮಗಳನ್ನು ಸೇರಿಸಿಕೊಂಡೆವು. ಒಂದು ಬಾರಿಗೆ ಒಂದನ್ನೇ ಹೆಚ್ಚಿಸುವುದು. ಹೊತ್ತು ಹೆಚ್ಚಿಸಿದ ವಾರ ಹೊಸ ನೆಲ ಬೇಡ, ಹೊಸ ಸವಾರ ಬೇಡ. ಕಾಲನ್ನು ಮುಟ್ಟಿ ನೋಡುವುದು ವ್ಯಾಯಾಮಕ್ಕೆ ಮೊದಲು, ಬ್ಯಾಂಡೇಜು ಬಿಚ್ಚಿ ಸ್ವಲ್ಪ ಹೊತ್ತಾದ ಮೇಲೆ, ಏಕೆಂದರೆ ಬ್ಯಾಂಡೇಜಿನ ಕೆಳಗೆ ಎಲ್ಲ ಕಾಲೂ ಬಿಸಿಯೇ.

ಹೆದರಿಕೆಯ ಬಗ್ಗೆಯೂ ಹೇಳಬೇಕು, ಇದನ್ನು ಯಾರೂ ಸಾಮಾನ್ಯವಾಗಿ ಹೇಳುವುದಿಲ್ಲ. ಮತ್ತೆ ಟ್ರಾಟ್ ಆರಂಭಿಸಿದಾಗ ನಾನು ಪ್ರತಿ ಹೆಜ್ಜೆಯಲ್ಲೂ ಕುಂಟನ್ನು ಹುಡುಕುತ್ತಿದ್ದೆ, ಹುಡುಕಿದವರಿಗೆ ಅದು ಸಿಕ್ಕೇ ಸಿಗುತ್ತದೆ. ಕೆಳಗೆ ನೋಡುತ್ತ ಎಡಕ್ಕೆ ಬಾಗಿ ಕೂರುತ್ತಿದ್ದೆ. ಕುದುರೆಯೂ ಎಡಕ್ಕೆ ಸೆಟೆದು ನಡೆಯುತ್ತಿತ್ತು. ಅದನ್ನು ಕಂಡು ನಾನು ಇನ್ನಷ್ಟು ಬಾಗುತ್ತಿದ್ದೆ. ಬದಿಯಲ್ಲಿ ನಿಂತು ನೋಡುತ್ತಿದ್ದ ಪತಿ ‘ಕುಂಟುತ್ತಿರುವುದು ನೀನು, ಅದಲ್ಲ’ ಎಂದರು. ಆ ಮಾತು ಕೋಪ ತರಿಸಿದರೂ ನಿಜವಾಗಿತ್ತು. ಅಂದಿನಿಂದ ಕಾಲನ್ನು ನೋಡುವ ಕೆಲಸ ನೆಲದ ಮೇಲೆ ನಿಂತವರದು, ಮುಂದೆ ನೋಡುವ ಕೆಲಸ ಏರಿದವರದು ಎಂದು ಹಂಚಿಕೊಂಡೆವು. ನಾಲ್ಕು ಜನರಿಗೆ ಒಂದೇ ಕುದುರೆ ಎಂಬುದರಿಂದ ಕಷ್ಟವಷ್ಟೇ ಅಲ್ಲ, ಈ ಒಂದು ಅನುಕೂಲವೂ ಇತ್ತು.

ಮಗಳು ಆ ತಿಂಗಳುಗಳಲ್ಲಿ ಬೇರೊಂದು ಕುದುರೆಯ ಮೇಲೆ ಪಾಠ ಮುಂದುವರಿಸಿದಳು. ಮನೆಯ ಕುದುರೆಗೆ ದ್ರೋಹ ಮಾಡಿದಂತೆ ಎಂದು ಮೊದಲು ಅತ್ತಳು. ನಾವು ಒತ್ತಾಯಿಸಿ ಕಳುಹಿಸಿದೆವು. ಅದು ಸರಿಯಾದ ತೀರ್ಮಾನವಾಗಿತ್ತು, ಏಕೆಂದರೆ ಅವಳು ಮರಳಿ ಏರಿದಾಗ ನಮ್ಮ ಕುದುರೆಗೆ ಸಿಕ್ಕಿದ್ದು ಮೊದಲಿಗಿಂತ ಸ್ಥಿರವಾದ ಸವಾರಳು. ಮಗನ ವಿಷಯ ಹಾಗಾಗಲಿಲ್ಲ. ಒಂದು ವರ್ಷ 15 ವರ್ಷದ ಹುಡುಗನಿಗೆ ದೊಡ್ಡ ಕಾಲ. ಅವನ ಗೆಳೆಯರು, ಆಟ, ಓದು ಬೇರೆಡೆಗೆ ಹೋದವು. ಈಗಲೂ ಹುಲ್ಲು ಹಾಕುತ್ತಾನೆ, ಕಾಲು ಮುಟ್ಟಿ ನೋಡುವುದರಲ್ಲಿ ನಮಗಿಂತ ನಿಪುಣ, ಆದರೆ ಏರುವುದಿಲ್ಲ. ಕುಟುಂಬ ಸವಾರಿಗೆ ಮರಳಿತು ಎಂದು ನಾನು ಹೇಳುವಾಗ ನಾಲ್ವರಲ್ಲಿ ಮೂವರು ಎಂದು ನೀವು ಓದಿಕೊಳ್ಳಬೇಕು. ನಾನು ಅವನನ್ನು ಒತ್ತಾಯಿಸಿಲ್ಲ. ಒತ್ತಾಯಿಸಬೇಕಿತ್ತೇನೋ ಎಂದು ಕೆಲವೊಮ್ಮೆ ಅನ್ನಿಸುವುದುಂಟು.

ಒಂಬತ್ತನೆಯ ತಿಂಗಳ ಸ್ಕ್ಯಾನಿನಲ್ಲಿ ಎಳೆಗಳು ಉದ್ದುದ್ದ ಸಾಲಾಗಿದ್ದವು. ಹಳೆಯ ರಂಧ್ರದ ಜಾಗ ಉಳಿದ ಹುರಿಗಿಂತ ತುಸು ದಪ್ಪ, ತುಸು ಮಬ್ಬು. ಅದು ಹಾಗೆಯೇ ಉಳಿಯುತ್ತದೆಯಂತೆ. ಕ್ಯಾಂಟರನ್ನು ಒಂದು ನಿಮಿಷದಿಂದ, ನೇರ ಗೆರೆಯಲ್ಲಿ ಆರಂಭಿಸಿದೆವು. ಬಯಲಿಗೆ ಬಿಡುವುದನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ ಇಟ್ಟೆವು. ಸವಾರಿಗೆ ಸಿದ್ಧವಾದ ಕುದುರೆಯನ್ನು ಬಯಲಿಗೆ ಬಿಡಲು ಹೆದರಿಕೆಯೇ ಎಂದು ಕೆಲವರು ನಕ್ಕರು. ಸವಾರ ಮೇಲಿದ್ದಾಗ ವೇಗ ನಮ್ಮ ಕೈಯಲ್ಲಿರುತ್ತದೆ, ಬಯಲಿನಲ್ಲಿ ಅದು ಕುದುರೆಯ ಕೈಯಲ್ಲಿರುತ್ತದೆ. ಮೊದಲು ಸಣ್ಣ ಬೇಲಿಯೊಳಗೆ, ವ್ಯಾಯಾಮ ಮುಗಿದು ಹುಮ್ಮಸ್ಸು ಇಳಿದ ಮೇಲೆ, ಶಾಂತ ಸ್ವಭಾವದ ಜೊತೆಗಾರ ಕುದುರೆಯೊಂದನ್ನು ಪಕ್ಕದಲ್ಲಿ ಕಟ್ಟಿ ಬಿಟ್ಟೆವು. ನಮ್ಮ ಕುದುರೆ ಎರಡು ಸಲ ಮೂಸಿ, ಮಣ್ಣಿನಲ್ಲಿ ಹೊರಳಿ, ಎದ್ದು ಮೇಯತೊಡಗಿತು. ನಾವು ಮೂವರು ಬೇಲಿ ಹಿಡಿದುಕೊಂಡು ನಿಂತಿದ್ದೆವು.

ಜಿಗಿಸುತ್ತೀರಾ ಎಂದು ಕೇಳುವವರಿದ್ದಾರೆ. ಇಲ್ಲ. ತಡೆ ದಾಟಿ ಇಳಿಯುವಾಗ ಇಡೀ ಭಾರ ಕ್ಷಣಕಾಲ ಒಂದು ಮುಂಗಾಲಿನ ಮೇಲೆ ಬೀಳುತ್ತದೆ. ವೈದ್ಯರು ಇನ್ನಾರು ತಿಂಗಳ ನಂತರ ಯೋಚಿಸೋಣ ಎಂದಿದ್ದಾರೆ. ನಾನು ಯೋಚಿಸುವುದಿಲ್ಲವೆಂದು ಈಗಲೇ ನಿರ್ಧರಿಸಿದ್ದೇನೆ, ಮಗಳು ಒಪ್ಪಿಲ್ಲ. ಆ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ನಡೆಯುತ್ತಿದೆ.

ಇಲ್ಲಿಗೆ ಹೊರಡುವ ಮೊದಲು ನೋಟುಪುಸ್ತಕದ ಇಂದಿನ ಸಾಲನ್ನು ನೋಡಿಕೊಂಡು ಬಂದೆ. ಮಗಳ ಕೈಬರಹ: ‘ನಡಿಗೆ 30, ಟ್ರಾಟ್ 20, ಕ್ಯಾಂಟರ್ 6. ನೆಲ ಒಣಗಿತ್ತು. ಎಡಗಾಲು ತಣ್ಣಗಿದೆ.’ ಅದರ ಕೆಳಗೆ ಬೇರೆ ಕೈಬರಹದಲ್ಲಿ, ಮಗನದು: ‘ಬೆಳಿಗ್ಗೆ ನಾನೂ ಮುಟ್ಟಿ ನೋಡಿದೆ. ಅವಳ ನಾಲ್ಕೂ ಕಾಲು ತಣ್ಣಗಿವೆ.’